ಮೂಲೆಯಲ್ಲಿ ಬಾಣವಿದ್ದ ಫೈಲು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಲಕ್ಷ್ಮೀಪುರಂನ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ಸಿದ್ಧಾರ್ಥನಗರದ ಶಾಖೆಯಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ತಾವು ನಿವೃತ್ತರಾಗುವ ದಿನ ನನಗೊಂದು ಮೇಲ್ ಕಳಿಸಿದರು. ಸಂಸ್ಥೆಯ ಸ್ಮರಣ ಸಂಚಿಕೆಗಾಗಿ ಅವರು ವರ್ಷವಿಡೀ ಒಂದೇ ಬೆರಳಿನಲ್ಲಿ ಟೈಪ್ ಮಾಡಿದ್ದ ಲೇಖನಗಳೆಲ್ಲ ಅದರಲ್ಲಿದ್ದವಂತೆ. ಆದರೆ ಅಟ್ಯಾಚ್‌ಮೆಂಟ್ ತೆರೆಯಲಿಲ್ಲ. ಅಪಾಯಕಾರಿ ಫೈಲೆಂದು ನನ್ನ ಕಂಪ್ಯೂಟರೇ ಅದನ್ನು ತಡೆದಿತ್ತು. ಇರುವೆಯನ್ನೂ ತುಳಿಯದ ಆ ಮನುಷ್ಯರಲ್ಲಿ ಈ ಡಬ್ಬಕ್ಕೆ ಅದೇನು ಅಪಾಯ ಕಂಡಿತೋ ಎಂದು ಬೈದುಕೊಳ್ಳುತ್ತ, ವಾರವಿಡೀ ಸೆಟ್ಟಿಂಗುಗಳನ್ನು ಕೆದಕಿ ಕೊನೆಗೂ ಬಿಡಿಸಿದೆ.

ಸಿಕ್ಕಿದ್ದು ಬರೀ ಶಾರ್ಟ್‌ಕಟ್. ಮೂಲೆಯಲ್ಲಿ ಪುಟ್ಟ ಬಾಣವಿರುವ ಆ ಚಿತ್ರವು ಫೈಲು ಎಲ್ಲಿದೆಯೆಂದಷ್ಟೇ ತೋರಿಸುತ್ತದೆ, ಅದರೊಳಗೆ ಒಂದಕ್ಷರವೂ ಇರುವುದಿಲ್ಲ. ದಿನವೂ ಒತ್ತಿ ತೆರೆಯುತ್ತಿದ್ದ ಅದನ್ನೇ ಅವರು ಫೈಲೆಂದು ನಂಬಿ ಕಳಿಸಿದ್ದರು. ನಿಜವಾದ ಫೈಲು ಅವರ ಕಂಪ್ಯೂಟರಿನಲ್ಲೇ ಉಳಿದಿತ್ತು. ಸಿದ್ಧಾರ್ಥನಗರಕ್ಕೆ ಓಡಿದೆ. ಅಷ್ಟರಲ್ಲಿ ಹೊಸಬರು ಬರುತ್ತಾರೆಂದು ಶಾಖೆಯವರು ಅದರಲ್ಲಿದ್ದುದನ್ನೆಲ್ಲ ಅಳಿಸಿಬಿಟ್ಟಿದ್ದರು. ಕೈಬರಹದ ಹಾಳೆಗಳೂ ಇರಲಿಲ್ಲ. ಕಂಪ್ಯೂಟರಿಗೆ ಹಾಕಿದ ಮೇಲೆ ಅವೇಕೆಂದು ಗುಮಾಸ್ತರೇ ಹರಿದುಹಾಕಿದ್ದರು.

ಎಷ್ಟೋ ತಿಂಗಳ ನಂತರ ಅವರು ಮಾರ್ಕೆಟ್ಟಿನಲ್ಲಿ ಸಿಕ್ಕರು.

"ನಾನಂತೂ ಕಳಿಸ್ಬುಟ್ಟೆ ಕಣ್ರೀ. ಪುಸ್ತಕ ಯಾವಾಗ ಬರುತ್ತೆ?"

"ನಿಮ್ಮ ಫೈಲು ಇನ್ನೂ ಬ್ಲಾಕ್ ಆಗಿದೆ ಸಾರ್," ಎಂದೆ.

"ನಿಧಾನಕ್ಕೆ ತೆಗೀರಿ," ಎಂದು ಅವರು ವೀಳ್ಯದೆಲೆ ಆರಿಸತೊಡಗಿದರು. "ನಿಮ್ಮ ಹತ್ರ ಇದೆ ಅಂದ್ಮೇಲೆ ನಂಗೇನೂ ಯೋಚ್ನೆ ಇಲ್ಲ."