ಉಪದೇಶಿಯವರ ಕೀರ್ತನೆ

ಹೋದ ವಾರ ತಾಳಮಲೆ ಕಡೆಯ ಹೆಂಗಸೊಬ್ಬಳು ಕಾಡಿನ ಧೂಪ ಮಾರುತ್ತ ಬಾಗಿಲಿಗೆ ಬಂದಳು. ಒಲೆಯ ಕೆಂಡ ಕೇಳಿ ಪಡೆದು, ಒಂದು ಚೂರು ಹಾಕಿ ತೋರಿಸಿದಳು. ಆ ಹೊಗೆ ಮೂಗಿಗೆ ಬಡಿದದ್ದೇ ನಮ್ಮ ಇಗರ್ಜಿಯ ಉಪದೇಶಿಯವರು ಕಣ್ಣೆದುರು ನಿಂತರು... ಧೂಪದ ಹೊಗೆಯ ನಡುವೆ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ ಆ ಮುಖ.

ಎಪ್ಪತ್ತರ ದಶಕದಲ್ಲಿ ಪಾದ್ರಿಗಳು ತಿಂಗಳಿಗೊಮ್ಮೆ ಘಾಟಿ ಹತ್ತಿ ಬರುತ್ತಿದ್ದರು. ಉಳಿದ ಭಾನುವಾರಗಳ ಪ್ರಾರ್ಥನೆಯೆಲ್ಲ ಉಪದೇಶಿಯವರದೇ. ಚಿಕ್ಕಂದಿನಲ್ಲಿ ವಿದೇಶಿ ಪಾದ್ರಿಯೊಬ್ಬರಿಂದ ಲ್ಯಾಟಿನ್ ಕೀರ್ತನೆಗಳನ್ನು ಕಲಿತಿದ್ದರಂತೆ. ನಮ್ಮ ಬೆಟ್ಟ ತಮಿಳು ಸೀಮೆಗೆ ಸೇರಿದ್ದರಿಂದ ಪೂಜೆ ಲ್ಯಾಟಿನ್ ಬಿಟ್ಟು ತಮಿಳಿಗೆ ಬಂದಾಗ, ಮನೆಯಲ್ಲಿ ಕನ್ನಡವಾಡುವ ನಮಗಾಗಿ ಆ ಹಳೆಯ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ರಾಗಿ ಹೊಲದಲ್ಲಿ ಕಳೆ ಕೀಳುತ್ತ ಒಂದೊಂದು ಸಾಲನ್ನೂ ಹತ್ತಾರು ಸಲ ಹೇಳಿ ನೋಡುತ್ತಿದ್ದರು. ಅದಕ್ಕೆ ಮೂರು ವರ್ಷ ಹಿಡಿಯಿತು.

ನಾನು ಆಗಷ್ಟೇ ಟೀಚರ್ ತರಬೇತಿ ಮುಗಿಸಿ ಬಂದಿದ್ದೆ. ಗಂಟಲು ಚೆನ್ನಾಗಿದೆಯೆಂದು ನನಗೆ ಕಲಿಸಲು ಕೂತರು. ತಾಳವಿಲ್ಲ, ಒಂದೇ ಸ್ವರದ ಮೇಲೆ ಸಾಲೆಲ್ಲ ಓಡುತ್ತದೆ, ಇದೆಂಥ ರಾಗ ಎಂದು ಕೇಳಿದ್ದೆ.

“ರಾಗ ಆಡಬ್ಯಾಡ ಕಣವ್ವ, ಮಾತ ಯೋಳು,” ಎಂದರು. “ಉಸ್ರು ನಿಲ್ಲೋ ಕಡೆ ಒಸಿ ಮ್ಯಾಕ್ಕೋಯ್ತದೆ. ಮಾತು ಮುಗ್ದಾಗ ಇಳೀತದೆ. ದೇವ್ರ ಮುಂದೆ ಕುಂತು ಮಾತಾಡ್ದಂಗೆ, ಅಷ್ಟೇಯ.”

ಅಂದು ನನಗೆ ತಿಳಿಯಿತು. ಕೀರ್ತನೆಯ ದುಃಖವೆಲ್ಲ ಆ ಸಣ್ಣ ಇಳಿತದಲ್ಲೇ ಇತ್ತು... ತಿಳಿದೂ ನಾನು ಮಾಡಿದ್ದು ಬೇರೆ.

ಎಂಬತ್ತರ ದಶಕದ ಮೊದಲಿಗೆ, ಊರಲ್ಲೇ ನೆಲೆ ನಿಲ್ಲಲು ಬಂದ ಎಳೆಯ ಪಾದ್ರಿ ಹಾರ್ಮೋನಿಯಂ, ತಬಲ ತಂದರು. ಚಪ್ಪಾಳೆ ತಟ್ಟಿ ಹಾಡುವ ತಮಿಳು ಹಾಡುಗಳು ಬಂದವು. ಹಾಡುವವರಿಗೆ ನಾನೇ ಮುಂದಾಳಾದೆ. ಶುಭ ಶುಕ್ರವಾರ ಹತ್ತಿರ ಬಂದಾಗ ಉಪದೇಶಿಯವರು, ಆ ದಿನಕ್ಕಾದರೂ ತಮ್ಮದೊಂದು ಕೀರ್ತನೆ ಇರಲಿ ಎಂದು ಕೇಳಿಕೊಂಡರು. ಪಾದ್ರಿ ನನ್ನತ್ತ ತಿರುಗಿ, ಟೀಚರ್ ಏನನ್ನುತ್ತೀರಿ ಎಂದರು.

“ಜನಕ್ಕೆ ನಿದ್ದೆ ಬತ್ತದೆ ಫಾದರ್,” ಎಂದೆ.

ಉಪದೇಶಿಯವರು ಅಲ್ಲೇ ನಿಂತಿದ್ದರು. ಕೋಪಿಸಿಕೊಳ್ಳಲಿಲ್ಲ. “ಸರಿ ಬುಡು ಮಗ,” ಎಂದು ನನ್ನನ್ನೇ ನೋಡಿ ಹೊರಗೆ ಹೋದರು. ಆಮೇಲೆ ಇಗರ್ಜಿಯಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ಕಾಣೆ. ಕೊನೆಯ ಸಾಲಿನಲ್ಲಿ ಕೂತು, ಪೂಜೆ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಅಂಥ ನಾಲ್ಕು ವರ್ಷ... ಒಂದು ದಿನವಾದರೂ ಹತ್ತಿರ ಹೋಗಿ ಮಾತಾಡಿಸಬಹುದಿತ್ತು. ಹೋಗಲಿಲ್ಲ.

ಅವರನ್ನು ಮಣ್ಣು ಮಾಡುವ ದಿನ ಅವರ ಹೆಂಡತಿ ನನ್ನ ಕೈ ಹಿಡಿದು, “ಅವರ್ದೊಂದ ನೀನಾರ ಯೋಳವ್ವ,” ಎಂದರು. ಮೊದಲ ಸಾಲು ಬಂತು. ಎರಡನೆಯದರಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿಯಬೇಕು ಒಂದೂ ತಿಳಿಯದೆ ತಡವರಿಸಿ ನಿಂತುಬಿಟ್ಟೆ. ಪಾದ್ರಿ ಕೈಸನ್ನೆ ಮಾಡಿದರು. ಗುಂಡಿಯ ಬಳಿಗೆ ಹೊತ್ತು ತಂದಿದ್ದ ಹಾರ್ಮೋನಿಯಂ ಶುರುವಾಯಿತು. ಆ ಅಮ್ಮ ನನ್ನ ಕೈ ಬಿಟ್ಟರು.

ಈ ಭಾನುವಾರ, ಊರಿಗೆ ಹೊಸದಾಗಿ ಬಂದಿರುವ ಸಿಸ್ಟರ್ ಒಬ್ಬರು ಹಳೆಯ ಕನ್ನಡ ಕೀರ್ತನೆಗಳು ಯಾರಿಗಾದರೂ ಗೊತ್ತೇ ಎಂದು ವಿಚಾರಿಸಿದರು. ಎಲ್ಲರೂ ನನ್ನನ್ನೇ ತೋರಿಸಿದರು. ಆ ಮೊದಲ ಸಾಲು ಹೇಳಿದೆ. ಅವರು ಬರೆದುಕೊಂಡು, ಮುಂದಿನದಕ್ಕೆ ಪೆನ್ನು ಹಿಡಿದು ಕಾದರು.

“ಅಷ್ಟೇ ಸಿಸ್ಟರ್,” ಎಂದೆ. “ಅದು ಇದ್ದದ್ದೇ ಅಷ್ಟು.”