ಫರೀನಳ ಮಂಗಳವಾರದ ಸೂಜಿ

ಸೈರಾಬಾನು ಜಗಳಗಂಟಿ ಎಂದು ಊರಲ್ಲಿ ಹೆಸರಾಗಿತ್ತು. ಗಡಿಯ ಸಂಖ ಎಂಬ ಊರಿನ ಆಚೆಗಿನ ಆ ಸಣ್ಣ ಹಳ್ಳಿಯಲ್ಲಿ, ಮಗುವನ್ನು ಮುದ್ದಿಸಲು ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕೈ ತೊಳೆಸುವವಳಿಗೆ ಬೇರೆ ಯಾವ ಹೆಸರು ಬಂದೀತು? ಕೆಮ್ಮುವವರನ್ನಂತೂ, ಸ್ವಂತ ಅತ್ತೆಯಾದರೂ ಸರಿ, ಅಂಗಳದಿಂದಲೇ ವಾಪಸು ಕಳಿಸುತ್ತಿದ್ದಳು.

ಮೊದಲ ಮಗ ಮೊಸಿನ ಎಂಟು ತಿಂಗಳಿಗೆ, ಬರೀ ನೆಗಡಿಯಿಂದ ಶುರುವಾಗಿ, ತೀರಿಕೊಂಡಿದ್ದ. ಎರಡನೆಯವಳಾದ ಫರೀನಳಿಗೂ ಜ್ವರ ಬಿಡದಾದಾಗ ಗಂಡ ಜಹಾಂಗೀರ ಗಾದಿ ಹೊಲಿಯುವ ಕೆಲಸ ಬಿಟ್ಟು ತಾಯಿಮಗಳನ್ನು ಮುಂಬೈಗೆ ಕರೆದೊಯ್ದ. ರೋಗ ತಡೆಯುವ ಶಕ್ತಿಗೆ ಬೇಕಾದ ಒಂದು ಕಿಣ್ವ ಈ ಮಗುವಿನ ಮೈಯಲ್ಲಿ ಹುಟ್ಟಿನಿಂದಲೇ ಇಲ್ಲ, ತಂದೆತಾಯಿ ಇಬ್ಬರಿಂದಲೂ ಬಂದ ದೋಷ ಇದು ಎಂದರು ಅಲ್ಲಿನ ಡಾಕ್ಟರು. ಆ ಕಿಣ್ವವನ್ನು ವಾರಕ್ಕೊಮ್ಮೆ ಸೂಜಿಯಲ್ಲಿ ಕೊಡಬೇಕು. ವಿದೇಶದಿಂದ ದಾನವಾಗಿ ಬರುವ ಔಷಧಿ. ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಿದರೆ ಕೆಟ್ಟಿತು. ಇನ್ನೊಂದು ಮಾತು: ಪೋಲಿಯೊ ಹನಿಯಲ್ಲಿ ಜೀವಂತ ರೋಗಾಣು ಇರುತ್ತದೆ, ಈ ಮಗುವಿಗೆ ಅದನ್ನು ಹಾಕಲೇಬಾರದು.

ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಪಕ್ಕದ ಊರಿನ ಆರೋಗ್ಯ ಕೇಂದ್ರದಲ್ಲಿ ಔಷಧಿ ಇಟ್ಟು, ಅಲ್ಲಿನ ನರ್ಸ್ ಚಂದ್ರಾಬಾಯಿ ಪ್ರತಿ ಮಂಗಳವಾರ ಸೂಜಿ ಹಾಕುತ್ತಿದ್ದಳು. ಒಂದೂವರೆ ವರ್ಷದಲ್ಲಿ ಫರೀನ ಮೈತುಂಬಿಕೊಂಡು ಮನೆಯೆಲ್ಲ ಓಡಾಡತೊಡಗಿದಳು.

೨೦೦೩ರಲ್ಲಿ ಪೋಲಿಯೊ ರವಿವಾರದ ಮರುದಿನ, ಬೂತಿಗೆ ಬರದ ಮಕ್ಕಳನ್ನು ಹುಡುಕುತ್ತ ಮೇಲ್ವಿಚಾರಕ ವಿಠೋಬ ಬಂದ.

"ಯಾಕ ಹನಿ ಹಾಕ್ಸಿಲ್ಲ?"

"ಹಾಕಬಾರದ್ರೀ ಸಾಹೇಬ್ರ. ಡಾಕ್ಟರ್ ಬರದ್ ಕೊಟ್ಟಾರ, ನೋಡ್ರಿ."

ಚೀಟಿ ಇಂಗ್ಲಿಷಿನಲ್ಲಿತ್ತು. ವಿಠೋಬ ಅದರ ಮೇಲೆ ಕಣ್ಣಾಡಿಸಿದ ಹಾಗೆ ಮಾಡಿ ಮಡಚಿ ಕೊಟ್ಟ. "ನಿಮ್ಮ ಓಣ್ಯಾಗ ಪ್ರತಿ ಸಲ ಒಂದಿಲ್ಲೊಂದು ನೆಪ. ಯಾರು ಕಿವಿ ಊದ್ಯಾರ ನಿಮಗ?" ಎನ್ನುತ್ತ ಬಾಗಿಲ ಮೇಲೆ ಸೀಮೆಸುಣ್ಣದಿಂದ ಕಾಟು ಎಳೆದ. ಹನಿ ನಿರಾಕರಿಸಿದ ಮನೆಯ ಗುರುತು ಅದು.

ಸೈರಾಬಾನುವಿನ ಮೈಯೆಲ್ಲ ಉರಿಯಿತು. ಮಗಳ ಜೀವಕ್ಕೆ ಕಾವಲು ಕೂತವಳ ಬಾಗಿಲಿಗೆ ಇಂಥ ಮುದ್ರೆ!

"ನಡೀರಿ ದವಾಖಾನಿಗೆ. ಆಕಿ ಔಷಧ ನಿಮ್ಮ ಫ್ರಿಜ್ಜಿನ್ಯಾಗನ ಐತಿ. ಕಣ್ಣಾರೆ ನೋಡ್ರಿ."

ಮಗುವನ್ನು ಗಂಡನಿಗೆ ಒಪ್ಪಿಸಿ ವಿಠೋಬನ ಜೀಪಿನಲ್ಲೇ ಹೋದಳು. ಚಂದ್ರಾಬಾಯಿ ನಗುನಗುತ್ತ ಎದ್ದು, ಫ್ರಿಜ್ಜು ಬಿಟ್ಟು ಪಕ್ಕದ ದೊಡ್ಡ ಫ್ರೀಜರಿನ ಮುಚ್ಚಳ ತೆಗೆದಳು.

"ಕರೆಂಟ್ ಭಾಳ ಹೊಂಟೈತಿ ತಂಗಿ. ಅದಕ್ಕ ಹ್ವಾದ ವಾರ ಸೂಜಿ ಹಾಕಿದ ಮ್ಯಾಲ ಪೋಲಿಯೊ ಹನಿ ಜೋಡಿ ಇದರಾಗ ಇಟ್ಟೇನಿ. ಗಟ್ಟಿ ತಂಪ ಇರತೈತಿ."

ಪೋಲಿಯೊ ಹನಿ ಹೆಪ್ಪುಗಟ್ಟಿದಷ್ಟೂ ಒಳ್ಳೆಯದು. ಇಪ್ಪತ್ತು ವರ್ಷದಿಂದ ಅವಳು ಕಲಿತದ್ದು, ಪಾಲಿಸಿದ್ದು ಅದನ್ನೇ. ಸೈರಾಬಾನು ಸೀಸೆಯೊಂದನ್ನು ಎತ್ತಿ ಬಾಗಿಸಿದಳು. ಒಳಗಿನದು ಅಲುಗಲಿಲ್ಲ. ಉಳಿದೆರಡೂ ಹಾಗೇ ಕಲ್ಲಾಗಿದ್ದವು.

"ಕರಗಿಸಿದ್ರ ಆತು ಬಿಡ್ರಿ," ಎಂದ ವಿಠೋಬ.

"ಕೆಟ್ಟು ಹೋತ್ರೀ! ಹೆಪ್ಪಗಟ್ಟಿದ್ದು ಕೊಡಬಾರದು ಅಂತ ಅದ ಚೀಟ್ಯಾಗ ಬರದಾರ!"

ಚಂದ್ರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳನ್ನು ಬೈಯಲು ಸೈರಾಬಾನುವಿಗೆ ಮನಸ್ಸಾಗಲಿಲ್ಲ. ನಾಳೆಯೇ ಮಂಗಳವಾರ. ಔಷಧಿಯ ಮುಂದಿನ ಡಬ್ಬಿ ಬರಲು ಇನ್ನೂ ಮೂರು ವಾರ.

ಮೇಜಿನ ಮೇಲಿನ ಫೋನನ್ನು ಎಳೆದು ವಿಠೋಬನ ಮುಂದೆ ಇಟ್ಟಳು.

"ಮುಂಬೈ ಡಾಕ್ಟರಿಗೆ ಹಚ್ರಿ ಸಾಹೇಬ್ರ. ಏನಾಗೇತಿ ಅಂತ ನೀವ ಹೇಳ್ರಿ. ನಾ ಹೇಳಿದ್ರ ಯಾರೂ ಖರೇ ಅನ್ನೂದಿಲ್ಲ."