ಪಿಯರಿಗೆ ಬಿದ್ದ ಮದ್ದು

ಇವತ್ತಿನ ಕಥೆ ಕೇಳಿ ಸ್ನೇಹಿತರೇ. ಅಪ್ಪನ ಕಾಲಿನ ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ಬೆಳಿಗ್ಗೆ ಊಟದ ಮೇಜಿನ ಮೇಲೆ ಸಿಕ್ಕಿತು. ಪಕ್ಕದಲ್ಲಿ ಎರಡು ಹೋಳು ಮಾಡಿದ ಪಿಯರ್ ಹಣ್ಣು. ಒಂದು ಹೋಳು ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿತ್ತು.

ಅಪ್ಪ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಈಗ ಸಕ್ಕರೆ ಕಾಯಿಲೆ. ಹಂಪನಕಟ್ಟೆಯ ಅಂಗಡಿಯಿಂದ ಕಲ್ಲಿನಂಥ ಪಿಯರನ್ನೇ ಹುಡುಕಿ ತಂದಿದ್ದಾರೆ.

“ನೋಡು ಮಗಳೇ, ಅಯೋಡಿನ್ ಬಿದ್ದ ಕೂಡ್ಲೇ ಕಪ್ಪಾಯ್ತಲ್ಲ? ಅಂದ್ರೆ ಇದರಲ್ಲಿ ಬರೀ ಪಿಷ್ಟ ಉಂಟು. ಹಣ್ಣಾಗುವಾಗ ಅಲ್ವಾ ಅದು ಸಕ್ಕರೆ ಆಗುವುದು? ನಾನು ಅದಕ್ಕಿಂತ ಮೊದಲೇ ತಿಂತೇನೆ.”

“ಆ ಪಿಷ್ಟ ನಿಮ್ಮ ಹೊಟ್ಟೆಗೆ ಹೋದ್ರೆ ಸಕ್ಕರೆಯೇ ಆಗ್ತದೆ ಅಪ್ಪ. ಮತ್ತೆ ನಡುವಿನಲ್ಲಿ ಕಪ್ಪಾಗದ ಜಾಗ ಉಂಟಲ್ಲ, ಅಲ್ಲಿ ಈಗಾಗಲೇ ಸಕ್ಕರೆ ಆಗಿದೆ.”

“ಲ್ಯಾಬಲ್ಲಿ ಇದ್ದದ್ದು ನೀನಾ, ನಾನಾ ಮಾರಾಯ್ತಿ?” ಎಂದವರೇ ಮದ್ದು ಬೀಳದ ಹೋಳನ್ನು ಸಿಪ್ಪೆ ಸಮೇತ ಕಚ್ಚಿದರು.

ಸಿಟ್ಟು ನುಂಗಿಕೊಂಡು ಅವರ ಕಾಲಿನ ಬ್ಯಾಂಡೇಜು ಬಿಚ್ಚಿದೆ. ಗಾಯ ತೊಳೆದು ಒರೆಸಿ ನೋಡಿದರೆ ಹೆಬ್ಬೆರಳಿನ ತುದಿ ನಿನ್ನೆಗಿಂತ ಕಪ್ಪಾಗಿತ್ತು.

“ಅಪ್ಪ, ಇದನ್ನು ಸ್ವಲ್ಪ ನೋಡಿ.”

ಅವರು ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ಅಗಿಯುತ್ತಲೇ ಹೇಳಿದರು: “ಅದು ಎಂತ ಇಲ್ಲ. ಅಯೋಡಿನ್ ಬಣ್ಣ.”

ಬಾಟಲಿಯಲ್ಲಿದ್ದ ಮದ್ದೆಲ್ಲ ಪಿಯರಿಗೆ ಮುಗಿದಿತ್ತು. ಕಾಲಿಗೆ ಇವತ್ತು ಒಂದು ಹನಿಯೂ ಬಿದ್ದಿರಲಿಲ್ಲ.